ಗಣಿ ಸ್ಫೋಟನೆಯಲ್ಲಿ ಡಿಜಿಟಲ್ ಮತ್ತು ನಿಸ್ತಂತು ತಂತ್ರಜ್ಞಾನ

ಗಣಿ ಮತ್ತು ಕಲ್ಲು ಕ್ವಾರಿಗಳಲ್ಲಿ ಮದ್ದು ಸಿಡಿಯುವ ಕ್ಷಣ, ಸರದಿ ಮತ್ತು ಕಂಪನವನ್ನು ಎಲೆಕ್ಟ್ರಾನಿಕ್ ಸಾಧನಗಳಿಂದ ಹತೋಟಿಯಲ್ಲಿಡುವ ವಿಧಾನ. ಕರ್ನಾಟಕದಲ್ಲಿ ಇದರ ಬೇರು ಕೋಲಾರ ಚಿನ್ನದ ಗಣಿಯಲ್ಲಿದೆ. 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದ ಈ ಗಣಿಯಲ್ಲಿ ಬಂಡೆ ತಾನಾಗಿಯೇ ಸಿಡಿದು ಕಾರ್ಮಿಕರ ಪ್ರಾಣ ತೆಗೆಯುತ್ತಿತ್ತು. ಈ ‘ರಾಕ್ ಬರ್ಸ್ಟ್’ ಎಲ್ಲಿ ಆಯಿತೆಂದು ಪತ್ತೆಹಚ್ಚಲು 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ನೆಲದ ಕಂಪನ ಗ್ರಹಿಸುವ ಜಿಯೋಫೋನ್‌ಗಳ ಜಾಲ ಹಾಕಲಾಯಿತು. 1988ರಲ್ಲಿ ಅಲ್ಲಿಯೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಆ ವಿದ್ಯೆ ಉಳಿಯಿತು. ‘ನಮ್ಮ ಮೆಟ್ರೊ’ದ ನೆಲದಡಿಯ ನಿಲ್ದಾಣಗಳಿಗಾಗಿ ಬೆಂಗಳೂರಿನ ಗಟ್ಟಿ ನೈಸ್ ಶಿಲೆ ಒಡೆಯುವಾಗ ಈ ಸಂಸ್ಥೆಯ ನೆರವು ಪಡೆಯಲಾಯಿತು.

ಸ್ಫೋಟದ ಕಂಪನ ಅಳೆಯುವವರು ಮನೆಯ ಪಾಯದ ಬಳಿ ಜಿಯೋಫೋನನ್ನು ನೆಲಕ್ಕೆ ಊರಿ ಕಾಯುತ್ತಾರೆ. ಅದು ಮೂರು ದಿಕ್ಕಿನ ಅಲುಗಾಟವನ್ನೂ ದಾಖಲಿಸುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಗಣಿ ಮಾಲೀಕರದಲ್ಲದ ಮನೆಗಳ ಬಳಿ 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನ ಸೆಕೆಂಡಿಗೆ 5 ಮಿ.ಮೀ. ದಾಟಬಾರದು. ಜಿಗಣಿ, ಆನೇಕಲ್ ಸುತ್ತ ಕ್ವಾರಿಯಿಂದ ಕೂಗಳತೆಯಲ್ಲೇ ಬಡಾವಣೆ ಏಳುವಾಗ ಈ ಅಂಕಿ ಗೋಡೆಯ ಬಿರುಕಿನ ಪ್ರಶ್ನೆಯಾಗುತ್ತದೆ.

ನಿಸ್ತಂತು ತರಂಗ ಈ ಕಸುಬಿಗೆ ಮೊದಲು ಬಂದದ್ದು ಶತ್ರುವಾಗಿ. ಹಳೆಯ ಎಲೆಕ್ಟ್ರಿಕ್ ಕೇಪಿನ (ಮದ್ದನ್ನು ಸಿಡಿಸುವ ಡಿಟೋನೇಟರಿನ) ತಂತಿ ಮಿಂಚು, ಸೋರು ವಿದ್ಯುತ್ತು, ರೇಡಿಯೊ ತರಂಗಗಳನ್ನು ಹಿಡಿದು ಕೇಪು ಅಕಾಲದಲ್ಲಿ ಸಿಡಿಯಬಹುದು. ಮದ್ದು ತುಂಬುವಲ್ಲಿ ಮೊಬೈಲ್ ನಿಷೇಧ ಅದಕ್ಕಾಗಿಯೇ. ಎಲೆಕ್ಟ್ರಾನಿಕ್ ಡಿಟೋನೇಟರಿನಲ್ಲಿ ಪ್ರತಿ ಕೇಪಿಗೂ ಒಂದು ಚಿಪ್, ಒಂದು ಗುರುತಿನ ಸಂಖ್ಯೆ ಇರುತ್ತದೆ. ಸರಿಯಾದ ಸಂಕೇತ ಬಾರದೆ ಅದು ಸಿಡಿಯದು. ಮದ್ದು ತುಂಬಿದ ಕುಳಿಯಿಂದ ಕುಳಿಗೆ ಸಿಡಿತದ ಅಂತರವನ್ನು 1 ಮಿಲಿಸೆಕೆಂಡಿನ ಲೆಕ್ಕದಲ್ಲಿ ಕೊಡಬಹುದಾದ್ದರಿಂದ ಕಂಪನವೂ ತಗ್ಗುತ್ತದೆ. ಆಸ್ಟ್ರೇಲಿಯಾದ ಒರಿಕಾ ಕಂಪನಿ ಇನ್ನೂ ಮುಂದೆ ಹೋಗಿ, ತಂತಿಯೇ ಇಲ್ಲದೆ ಬಂಡೆಯ ಮೂಲಕ ಕಾಂತೀಯ ಸಂಕೇತ ಕಳಿಸಿ ಸಿಡಿಸುವ ವ್ಯವಸ್ಥೆ ರೂಪಿಸಿದೆ. ಸಡಿಲ ಬಂಡೆಯ ಕೆಳಗೆ ತಂತಿ ಜೋಡಿಸಲು ಕಾರ್ಮಿಕ ಮತ್ತೆ ಹೋಗಬೇಕಿಲ್ಲ ಎಂಬುದೇ ಇದರ ದೊಡ್ಡ ಲಾಭ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿ ಮದ್ದು ಸಿಡಿದು ಜನ ಸತ್ತರು. ಪ್ರತಿ ಕೇಪಿಗೂ ಲೆಕ್ಕವಿರಬೇಕೆಂಬ ಮಾತಿಗೆ ಇವಕ್ಕಿಂತ ಬೇರೆ ಸಾಕ್ಷಿ ಬೇಡ. ಹಳೆಯ ಬಗೆಯ ಎಲೆಕ್ಟ್ರಿಕ್ ಡಿಟೋನೇಟರುಗಳ ತಯಾರಿಕೆ, ಸ್ವಾಧೀನ ಮತ್ತು ಆಮದನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ನಿಷೇಧಿಸಿದೆ.