ಹಿತ್ತಲ ಸೊಪ್ಪು: ಕಾಸರಕೋಡದಲ್ಲಿ ಮೊಲದ ಮೇವಿನ ಹಿನ್ನೆಲೆ

ಮನೆಯ ಪಕ್ಕದ ತುಂಡು ನೆಲದಲ್ಲಿ ಸೊಪ್ಪು ಬೆಳೆದು, ಅದರಿಂದಲೇ ಮನೆಮಂದಿಯನ್ನೂ ಮನೆಯ ಪ್ರಾಣಿಗಳನ್ನೂ ಪೊರೆಯುವ ರೂಢಿ ಹೊನ್ನಾವರ ಕರಾವಳಿಯಲ್ಲಿ ಬಹಳ ಹಳೆಯದು. ಆ ನೆಲವೇ ಹಿತ್ತಲು. ಅಲ್ಲಿನ ಸೊಪ್ಪಿಗೆ ತೀರ ಈಚೆಗೆ ಬಾಯಿ ಹಾಕಿದ ಪ್ರಾಣಿ ಸಾಕುಮೊಲ. ಗೂಡಿನ ಪಕ್ಕ ಕುಂಡದಲ್ಲಿ ಗರಿಕೆ ನಾಟಿ, ಹಳೆಯ ಬಕೆಟ್ಟಿನಲ್ಲಿ ಮೆಂತೆ ಬಿತ್ತಿ ಮೊಲಕ್ಕೆ ಹಾಕುವ ಕೆಲಸ ಹೊಸದೆಂದು ತೋರಬಹುದು. ಆದರೆ ನೀರನ್ನು ಎರಡು ಸಲ ಬಳಸುವುದು, ಬುಡ ಉಳಿಸಿ ತುದಿ ಕೊಯ್ಯುವುದು, ಬೇಲಿಯನ್ನೂ ಮೇವಾಗಿಸಿಕೊಳ್ಳುವುದು, ಗೊಬ್ಬರವನ್ನು ಅದೇ ಮಡಿಗೆ ಮರಳಿಸುವುದು ಇವೆಲ್ಲ ಮೊಲ ಬರುವ ಮೊದಲೇ ಈ ಹಿತ್ತಲುಗಳಲ್ಲಿ ಇದ್ದವು.

ಕಾಸರಕೋಡ ಇರುವುದು ಶರಾವತಿ ಕಡಲು ಸೇರುವಲ್ಲಿ, ಹೊನ್ನಾವರ ಪೇಟೆಯ ಎದುರು ದಡದಲ್ಲಿ. ಪಡುವಣಕ್ಕೆ ಕಡಲು, ಬಡಗಣಕ್ಕೆ ಅಳಿವೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರವಾಗಿ ಊರಿನ ಹೆಸರು ಹೊರಗಿನವರಿಗೆ ಪರಿಚಿತ. ಊರವರಿಗೆ ಅದು ಮೀನುಗಾರರ ಕೇರಿ, ತೆಂಗು ಮತ್ತು ಹೊಯಿಗೆ. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದು, ಹೊಯಿಗೆಯಲ್ಲಿರುವ ಅಲ್ಪಸ್ವಲ್ಪ ಸಾರವನ್ನೂ ತೊಳೆದುಕೊಂಡು ಹೋಗುತ್ತದೆ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಕಡಲಿಗೆ ಇಷ್ಟು ಹತ್ತಿರದಲ್ಲೂ ಕೆಲವೇ ಅಡಿ ಆಳದ ಬಾವಿಯಲ್ಲಿ ಕುಡಿಯುವ ನೀರು ಸಿಗುವುದು ಈ ಕಾರಣಕ್ಕೆ. ಬೇಸಿಗೆಯಲ್ಲಿ ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ದಿನಕ್ಕೆ ಕೆಲವು ಕೊಡ ನೀರಿನಲ್ಲಿ ಬದುಕುವ ಸಣ್ಣ ಮಡಿಯೇ ಇಂಥ ನೆಲಕ್ಕೆ ತಕ್ಕ ಬೇಸಾಯ. ಜಾಗದ ಕೊರತೆಗಿಂತ ನೀರಿನ ಈ ಸ್ವಭಾವವೇ ಇಲ್ಲಿನ ಮಡಿಗಳ ಅಳತೆಯನ್ನು ನಿರ್ಧರಿಸಿತು ಎನ್ನಬೇಕು.

ಮನೆಯ ಸುತ್ತ ತೋಟವಿರುವ ಈ ವಾಸದ ಕ್ರಮಕ್ಕೆ ಹಳೆಯ ಸಾಕ್ಷಿ 14ನೇ ಶತಮಾನದ್ದು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿನ ಅರಸು ಜಮಾಲುದ್ದೀನನ ಆಶ್ರಯದಲ್ಲಿ ತಿಂಗಳುಗಟ್ಟಲೆ ಇದ್ದ. ರೊಟ್ಟಿಯ ಮುಖವನ್ನೇ ಕಾಣದೆ ಅನ್ನವನ್ನೇ ಉಂಡದ್ದನ್ನೂ, ಊಟದಲ್ಲಿ ಹಸಿಶುಂಠಿ, ಮೆಣಸು, ನಿಂಬೆ, ಮಾವಿನ ಉಪ್ಪಿನಕಾಯಿಗಳಿದ್ದದ್ದನ್ನೂ ಅವನು ನೆನೆದಿದ್ದಾನೆ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನೆಲ್ಲ ಮಲಬಾರ್ ಎಂದು ಕರೆದು ಅವನು ಕೊಟ್ಟ ವರ್ಣನೆ ಇನ್ನೂ ಬೆಲೆಯುಳ್ಳದ್ದು. ಆ ದಾರಿಯಲ್ಲಿ ಸಾಗುವಳಿಯಾಗದ ನೆಲವೇ ಇಲ್ಲ. ಪ್ರತಿಯೊಬ್ಬನಿಗೂ ತನ್ನದೇ ತೋಟ, ತೋಟದ ನಡುವೆ ಮನೆ, ಸುತ್ತ ಮರದ ಬೇಲಿ. ದಾರಿ ತೋಟಗಳ ಒಳಗಿಂದಲೇ ಹಾಯುವುದರಿಂದ ಪ್ರತಿ ಬೇಲಿಯಲ್ಲೂ ಹತ್ತಿ ಇಳಿಯಲು ಮರದ ಮೆಟ್ಟಿಲು. ದಣಪೆ ದಾಟಿ ಹಿತ್ತಲಿನಿಂದ ಹಿತ್ತಲಿಗೆ ಹೋಗುವ ಕಾಲುದಾರಿಗಳನ್ನು ಬಲ್ಲ ಹೊನ್ನಾವರ, ಕುಮಟಾದ ಹಿರಿಯರಿಗೆ ಈ ವರ್ಣನೆಯಲ್ಲಿ ವಿವರಿಸಿ ಹೇಳಬೇಕಾದ್ದು ಏನೂ ಇಲ್ಲ.

ಮುಂದಿನ ಎರಡು ಶತಮಾನಗಳಲ್ಲಿ ಬೇಲಿಯೊಳಗಿನ ಗಿಡಗಳು ಬದಲಾದವು. ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದದ್ದು 1569ರಲ್ಲಿ. ಅವರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಅಮೆರಿಕ ಖಂಡದ ಬೆಳೆಗಳು ಬಂದವು: ಹಸಿಮೆಣಸು, ಗೇರು, ಅನಾನಸು, ಪಪ್ಪಾಯಿ, ಪೇರಲ, ಗೆಣಸು. ಮೇವಿನ ದೃಷ್ಟಿಯಿಂದ ಇವುಗಳಲ್ಲಿ ಮುಖ್ಯವಾದದ್ದು ಗೆಣಸು. ಹೊಯಿಗೆ ನೆಲದಲ್ಲಿ ಅದು ಚೆನ್ನಾಗಿ ಹಬ್ಬುತ್ತದೆ, ಬಳ್ಳಿಯ ತುಂಡು ಊರಿದರೆ ಸಾಕು ಚಿಗುರುತ್ತದೆ. ಗಡ್ಡೆ ಜನರಿಗೆ, ಬಳ್ಳಿ ದನಕ್ಕೆ. ಹರಿವೆ, ಬಸಳೆ, ಒಂದೆಲಗ, ಗರಿಕೆ ಇದಕ್ಕೂ ಎಷ್ಟೋ ಮೊದಲಿನಿಂದ ಇದ್ದವು.

ಟಿಪ್ಪುವಿನ ಪತನದ ನಂತರ, 1801ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದಾಗ ಹೊನ್ನಾವರ ಪೇಟೆ ಹಾಳುಬಿದ್ದಿತ್ತು. ಹಿಂದೆ ದೊಡ್ಡ ವ್ಯಾಪಾರದ ಊರಾಗಿದ್ದುದನ್ನೂ, ಶರಾವತಿಯ ಅಗಲವಾದ ಅಳಿವೆಯ ನಡುವಿನ ದ್ವೀಪಗಳಲ್ಲಿ ಸಾಗುವಳಿ ನಡೆಯುತ್ತಿದ್ದುದನ್ನೂ ಅವನು ದಾಖಲಿಸಿದ. ಪೇಟೆ ಕುಸಿದರೂ ಹಿತ್ತಲು ಕುಸಿಯುವುದಿಲ್ಲ. ಅದು ಸಂತೆಯನ್ನೂ ಹಡಗನ್ನೂ ನೆಚ್ಚಿಕೊಂಡ ಬೇಸಾಯವಲ್ಲ.

ಹಿತ್ತಲಲ್ಲಿ ಮರಕ್ಕಿಂತ ಸೊಪ್ಪಿಗೆ ಒಲವು ಬೆಳೆದದ್ದರಲ್ಲಿ ಗೇಣಿ ಪದ್ಧತಿಯ ಪಾಲೂ ಇದ್ದೀತು. ಕೆನರಾದಲ್ಲಿ ಮೂಲಗೇಣಿದಾರನಿಗೆ ನೆಲದ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿದಾರನನ್ನು ಒಡೆಯ ಬೇಕೆಂದಾಗ ಬಿಡಿಸಬಹುದಿತ್ತು. ನಾಳೆ ಬಿಟ್ಟು ಹೋಗಬೇಕಾದ ನೆಲದಲ್ಲಿ ತೆಂಗು ನೆಟ್ಟು ಏಳೆಂಟು ವರ್ಷ ಕಾಯುವ ಧೈರ್ಯ ಯಾರಿಗೆ ಬರುತ್ತದೆ? ಹರಿವೆ ಬಿತ್ತಿದ ನಾಲ್ಕು ವಾರಕ್ಕೆ ಕೈಗೆ ಬರುತ್ತದೆ. ದಿನಕರ ದೇಸಾಯಿಯವರ ಮುಂದಾಳತ್ವದಲ್ಲಿ ಉತ್ತರ ಕನ್ನಡದ ಗೇಣಿದಾರರು ಎತ್ತಿದ ದನಿಗೆ 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಉತ್ತರ ಸಿಕ್ಕಿತು. ಉಳುವವನೇ ಒಡೆಯನಾದ ಮೇಲೆ ಬಡವರ ಅಂಗಳದಲ್ಲೂ ತೆಂಗಿನ ಸಸಿ ನೆಡುವುದಕ್ಕೆ ಅರ್ಥ ಬಂತು.

ಕಾಡಿನ ಕಾನೂನಿನ ಪರಿಣಾಮವೂ ಕಡಿಮೆಯದಲ್ಲ. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು; 1878ರ ಅರಣ್ಯ ಕಾಯ್ದೆಯ ನಂತರ ಸೊಪ್ಪು, ಸೌದೆ, ಮೇವಿನ ಹಕ್ಕುಗಳಿಗೆ ಎಲ್ಲೆ ಬಿತ್ತು. ಅಡಕೆ ತೋಟಿಗರಿಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನ, ಸೌಲಭ್ಯವಿತ್ತು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಸಿಗುತ್ತಿತ್ತು. ಕಡಲಂಚಿನ ಮೀನುಗಾರನಿಗೆ ಅಡಕೆ ತೋಟವಿಲ್ಲ, ಆದ್ದರಿಂದ ಬೆಟ್ಟವೂ ಇಲ್ಲ. ಅವನ ಮನೆಯ ಆಡಿಗೆ, ದನಕ್ಕೆ ಹಸಿರು ಬೇಕಿದ್ದರೆ ಬೇಲಿಯೊಳಗೇ ಹುಟ್ಟಬೇಕಿತ್ತು. ಇದೇ ಹೊತ್ತಿಗೆ ಕಡಲತೀರಕ್ಕೆ ಗಾಳಿಮರ ಬಂತು. ಕಾರವಾರದಲ್ಲಿ 1868ರ ಸುಮಾರಿಗೆ ಆರಂಭವಾದ ಈ ನೆಡುತೋಪು ಭಾರತದ ಮೊದಲನೆಯದೆಂದು ಅರಣ್ಯ ಚರಿತ್ರೆ ಗುರುತಿಸುತ್ತದೆ. ಇಂದು ಕಾಸರಕೋಡದ ತೀರದ ಉದ್ದಕ್ಕೂ ಇರುವುದೂ ಅದೇ ಮರ. ಗಾಳಿಮರ ಹೊಯಿಗೆಯನ್ನು ಹಿಡಿದು ನಿಲ್ಲಿಸುತ್ತದೆ, ಒಲೆಗೆ ದರಕು ಕೊಡುತ್ತದೆ. ಆದರೆ ಉದುರಿದ ಎಲೆಗಳ ದಪ್ಪ ಹಾಸಿನಡಿ ಹುಲ್ಲು ಏಳುವುದು ಕಷ್ಟ. ಮೇವಿಗೆ ತೋಪು ಒದಗುವುದಿಲ್ಲ.

ಹೀಗೆ ಎಲ್ಲ ಕಡೆಯಿಂದಲೂ ಹೊಣೆ ಹಿತ್ತಲ ಮೇಲೆ ಬಿತ್ತು, ಹಿತ್ತಲು ಅದನ್ನು ಹೊತ್ತುಕೊಂಡ ಬಗೆ ಗಮನಿಸಬೇಕಾದದ್ದು. ಬಚ್ಚಲ ನೀರು ಹರಿದು ಹೋಗುವ ದಾರಿಯಲ್ಲಿ ಬಾಳೆ, ಕೆಸು. ಅಲ್ಲೇ ಪಕ್ಕದಲ್ಲಿ ಬಸಳೆ ಚಪ್ಪರ. ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ. ತುಸು ಎತ್ತರಿಸಿದ ಮಡಿಯಲ್ಲಿ ಹರಿವೆ, ಮೂಲಂಗಿ, ಅಲಸಂದೆ. ಬೇಲಿಗೆ ದಾಸವಾಳ, ಹಾಲವಾಣ, ನುಗ್ಗೆ. ಊರಿದ ಗೂಟವೇ ಚಿಗುರಿ ಮರವಾಗುವ ಹಾಲವಾಣ ಕರಿಮೆಣಸಿನ ಬಳ್ಳಿಗೆ ಆಸರೆಯೂ ಹೌದು, ಆಡಿಗೆ ಮೇವೂ ಹೌದು. ಒಲೆಯ ಬೂದಿ ಸೊಪ್ಪಿನ ಮೇಲೆ ಬಿದ್ದು ಹುಳವನ್ನು ತಡೆಯುತ್ತಿತ್ತು, ಮಣ್ಣಿಗೂ ಸೇರುತ್ತಿತ್ತು. ಮೀನು ಹೇರಳವಾಗಿ ಸಿಕ್ಕು ಮಿಕ್ಕ ದಿನಗಳಲ್ಲಿ ತಾರ್ಲಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಸಾರವಿಲ್ಲದ ಹೊಯಿಗೆಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ಆ ಕಾಲದಲ್ಲಿ ಇರಲಿಲ್ಲ.

ಬೀಜ ಕಾಪಾಡುವುದು ಹೆಂಗಸರ ಕೆಲಸ. ಸೌತೆಯ ಬೀಜವನ್ನು ಸಗಣಿ, ಬೂದಿಯೊಂದಿಗೆ ಗೋಡೆಗೆ ಮೆತ್ತುವುದು, ಹರಿವೆಯ ತೆನೆಯನ್ನು ಒಲೆಯ ಹೊಗೆ ತಾಗುವಲ್ಲಿ ತೂಗುಹಾಕುವುದು ಮಳೆಗಾಲದ ಬೂಷ್ಟಿನಿಂದ ಬೀಜ ಉಳಿಸುವ ಉಪಾಯಗಳು. ಯಾವ ಸೊಪ್ಪಿನ ಯಾವ ಭಾಗ ಯಾರ ಪಾಲಿಗೆ ಎಂಬುದನ್ನೂ ಅವರೇ ಗೊತ್ತುಮಾಡುತ್ತಿದ್ದರು. ಎಳೆಯ ತುದಿ ಅಡುಗೆಗೆ, ಬಲಿತ ದಂಟು ಮತ್ತು ಸಿಪ್ಪೆ ಕೊಟ್ಟಿಗೆಗೆ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಆಕಳಿಗೆ. ಹಲಸಿನ ಎಲೆ ಆಡಿಗೆ. ಅಡುಗೆಮನೆಯ ಬೆಳೆ, ಕೊಟ್ಟಿಗೆಯ ಬೆಳೆ ಎಂದು ಬೇರೆ ಬೇರೆ ಮಡಿ ಇರಲಿಲ್ಲ. ಒಂದೇ ಗಿಡವನ್ನು ಎರಡು ಬಾಯಿಗೆ ಹಂಚುವ ಈ ಲೆಕ್ಕಾಚಾರವೇ ಹಿತ್ತಲಿನ ನಿಜವಾದ ವಿದ್ಯೆ. ಇದನ್ನು ಪುಸ್ತಕಕ್ಕೆ ಇಳಿಸಿದವರು ಕಡಿಮೆ ಎಂಬುದು ದುಃಖದ ಸಂಗತಿ.

 

ಈ ಹಿತ್ತಲಿಗೆ ಬಂದ ಮೊಲ ಈ ನೆಲದ ಮೊಲವಲ್ಲ. ಇಲ್ಲಿನ ಹುಲ್ಲು ಬೆಳೆಯುವ ಬೇಣ, ಗುಡ್ಡಗಳಲ್ಲಿರುವ ಕಾಡುಮೊಲ ಬಿಲ ತೋಡುವುದಿಲ್ಲ, ಪಂಜರದಲ್ಲಿ ಹೊಂದಿಕೊಳ್ಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್‌ಗಳ ಬಿಲಮೊಲ. ರೋಮನ್ನರು ಗೋಡೆ ಕಟ್ಟಿದ ಬಯಲುಗಳಲ್ಲಿ ಮೊಲಗಳನ್ನು ಕೂಡಿಹಾಕುತ್ತಿದ್ದರು. ಮಧ್ಯಯುಗದಲ್ಲಿ ಮಠಗಳೂ ಜಮೀನುದಾರರೂ ಸಾಕಿದರು. 19ನೇ ಶತಮಾನದಲ್ಲಿ ಯುರೋಪಿನ ಕಾರ್ಖಾನೆ ಊರುಗಳ ಕೂಲಿಕಾರರು ಹಿಂದಿನ ಅಂಗಳದ ಗೂಡುಗಳಲ್ಲಿ ಸಾಕಿದ ಮೇಲೆ ಮೊಲ ಮತ್ತು ತುಂಡು ತೋಟ ಜೊತೆಯಾದವು. ಎರಡನೆಯ ಮಹಾಯುದ್ಧದ ಪಡಿತರದ ದಿನಗಳಲ್ಲಿ ಬ್ರಿಟನ್ನಿನ ಮನೆಗಳು ತರಕಾರಿ ಸಿಪ್ಪೆ ಮತ್ತು ಕಳೆಹುಲ್ಲಿನಿಂದ ಮೊಲ ಸಾಕಿದವು. 1950ರ ಅಲಾಟ್‌ಮೆಂಟ್ ಕಾಯ್ದೆ ಅಲ್ಲಿನ ತುಂಡು ತೋಟದ ಗೇಣಿದಾರನಿಗೆ ಕೋಳಿಯನ್ನೂ ಮೊಲವನ್ನೂ ಸಾಕುವ ಹಕ್ಕು ಕೊಟ್ಟಿತು. ದಕ್ಷಿಣ ಭಾರತದಲ್ಲಿ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಶಾಖೆ ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ತಳಿಗಳನ್ನು ಸಾಕಿ ರೈತರಿಗೆ ಒದಗಿಸಿತು. ಮಾಂಸಕ್ಕೆಂದು ಹರಡಿದ ಪ್ರಾಣಿ ಮಕ್ಕಳ ಒತ್ತಾಯಕ್ಕೆ ಮನೆಯ ಮುದ್ದಿನ ಪ್ರಾಣಿಯಾಗಿ ಉಳಿದದ್ದು ಎಷ್ಟೋ ಕಡೆ ನಡೆದ ಸಂಗತಿ.

ಮೊಲ ಬರುವ ಹೊತ್ತಿಗೆ ಹಿತ್ತಲು ಕಿರಿದಾಗುತ್ತಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಯಿತು. ಆಮೇಲೆ ಹೆದ್ದಾರಿ ಚತುಷ್ಪಥವಾಗಿ ರಸ್ತೆಯಂಚಿನ ಅಂಗಳಗಳನ್ನು ಕಡಿಯಿತು. ಪಾಲಾದ ಮನೆಗಳ ನಡುವೆ ಕಂಪೌಂಡು ಎದ್ದಿತು, ಹಾಲವಾಣದ ಬೇಲಿ ಹೋಯಿತು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಕೋಸು, ಪಾಲಕಿನ ಮುಂದೆ ಹರಿವೆಯ ಮಡಿಗೆ ದುಡಿಯುವ ಕೈಗಳು ಕಡಿಮೆಯಾದವು. ಆಕಳಿಲ್ಲದ, ಆಡಿಲ್ಲದ ಮನೆಯಲ್ಲಿ ಬಲಿತ ದಂಟಿಗೆ ತಿನ್ನುವವರಿಲ್ಲ. ಆ ಖಾಲಿ ಜಾಗವನ್ನು ತುಂಬಲು ಮೊಲದಷ್ಟು ತಕ್ಕ ಪ್ರಾಣಿ ಬೇರೊಂದಿಲ್ಲ. ಎರಡು ಕಿಲೋ ತೂಕದ ಜೀವಕ್ಕೆ ಕೊಟ್ಟಿಗೆ ಬೇಡ, ಬೇಣ ಬೇಡ.

ಆದರೆ ಹಿತ್ತಲಿನ ಎಲ್ಲ ಸೊಪ್ಪೂ ಮೊಲಕ್ಕೆ ಒಗ್ಗುವುದಿಲ್ಲ. ಹಳೆಯ ಹಂಚಿಕೆಯನ್ನು ಇಲ್ಲಿ ತಿದ್ದಬೇಕಾಯಿತು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಅದನ್ನು ಸವೆಸಲು ನಾರಿನ ಮೇವು ಬೇಕು. ಅದರ ಕರುಳಿಗೂ ನಾರೇ ಆಧಾರ. ಆಹಾರದ ಐದರಲ್ಲಿ ನಾಲ್ಕು ಪಾಲು ಹುಲ್ಲಾಗಿದ್ದರೆ ಅದು ಆರೋಗ್ಯವಾಗಿರುತ್ತದೆ. ಹೀಗಾಗಿ ಕರಾವಳಿಯ ಅಡುಗೆಯ ರಾಜನಾದ ಬಸಳೆ ಮತ್ತು ಹರಿವೆ ಹಿಂದೆ ಸರಿದವು: ಎರಡರಲ್ಲೂ ಆಕ್ಸಲೇಟ್ ಹೆಚ್ಚು, ಅಪರೂಪಕ್ಕೆ ನಾಲ್ಕು ಎಲೆ ಸಾಕು. ಕೆಸು ಪೂರ್ತಿ ವರ್ಜ್ಯ, ಬೇಲಿಯ ಕಣಗಿಲೆ ವಿಷ. ಟೊಮೆಟೊ, ಬಟಾಟೆಯ ಎಲೆಗಳೂ ಕೂಡದು. ಮುಂದಕ್ಕೆ ಬಂದದ್ದು ಕಳೆಯೆಂದು ಕಿತ್ತೆಸೆಯುತ್ತಿದ್ದ ಗರಿಕೆ. ಅದರ ಜೊತೆಗೆ ಗೆಣಸಿನ ಬಳ್ಳಿ, ದಾಸವಾಳದ ಎಲೆ ಮತ್ತು ಹೂವು, ಮೂಲಂಗಿ ಸೊಪ್ಪು, ಕೊತ್ತಂಬರಿ, ಮೆಂತೆ. ಹಾಲವಾಣ ಮತ್ತು ಹಲಸಿನ ಎಲೆ ಕೇರಳದ ಮೊಲ ಸಾಕಣೆಯಲ್ಲಿ ಮೊದಲೇ ಬಳಕೆಯಲ್ಲಿವೆ. ನುಗ್ಗೆಯಲ್ಲಿ ಸುಣ್ಣದ ಅಂಶ ಹೆಚ್ಚಾದ್ದರಿಂದ ಮಿತವಾಗಿರಬೇಕು. ಯಾವ ಹೊಸ ಸೊಪ್ಪನ್ನೂ ಒಮ್ಮೆಗೇ ಹೆಚ್ಚು ಹಾಕಿದರೆ ಭೇದಿಯಾಗುತ್ತದೆ. ಚಿಟಿಕೆಯಿಂದ ಶುರುಮಾಡಿ ವಾರದುದ್ದಕ್ಕೆ ಏರಿಸಬೇಕು.

ಇವನ್ನೆಲ್ಲ ಬೆಳೆಯಲು ಒಂದು ಜಗುಲಿಯಷ್ಟು ಜಾಗ ಸಾಕಾಗುತ್ತದೆ. ಗರಿಕೆಯ ಗೆಣ್ಣನ್ನು ಐದಾರು ಅಗಲ ಕುಂಡಗಳಲ್ಲಿ ನಾಟಿ, ದಿನಕ್ಕೊಂದರಿಂದ ಕೊಯ್ದರೆ ಮೊದಲನೆಯದು ಮತ್ತೆ ಚಿಗುರಲು ಬಿಡುವು ಸಿಗುತ್ತದೆ. ಮೆಂತೆಯನ್ನು ವಾರ ಬಿಟ್ಟು ವಾರ ಬಿತ್ತಬೇಕು. ಗೆಣಸಿನ ಬಳ್ಳಿಯನ್ನು ಗೋಣಿಚೀಲದಲ್ಲಿ ಊರಿ ಕಂಪೌಂಡಿನ ಮೇಲಕ್ಕೆ ಹಬ್ಬಿಸಬಹುದು. ಕುಂಡದ ಹೊಯಿಗೆಗೆ ಕೊಳೆತ ದರಕು, ತೆಂಗಿನ ನಾರಿನ ಪುಡಿ ಬೆರೆಸದಿದ್ದರೆ ನೀರು ನಿಲ್ಲದು. ಮಡಿಗೆ ಬಿಡುವ ನೀರಿನಲ್ಲಿ ಸೋಪು ಸೇರಿರಬಾರದೆಂಬುದು ಹಳೆಯ ಬಚ್ಚಲಿಗಿಲ್ಲದ ಹೊಸ ಎಚ್ಚರ. ಸೀಗೆ, ಅಂಟುವಾಳದ ಕಾಲದ ನೀರಿಗೂ ಈಗಿನದಕ್ಕೂ ವ್ಯತ್ಯಾಸವಿದೆ.

ಕಷ್ಟವಿರುವುದು ಮಳೆಗಾಲದಲ್ಲಿ. ಆಷಾಢದ ಜಡಿಮಳೆಗೆ ಮೆಂತೆ, ಕೊತ್ತಂಬರಿ ಬುಡದಲ್ಲೇ ಕೊಳೆಯುತ್ತವೆ. ಕುಂಡಗಳು ಮಾಡಿನ ಕೆಳಗೆ ಬರಬೇಕು. ಒಣಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಹುಲ್ಲು ಮೊಲಕ್ಕೆ ಅಪಾಯ. ಹಳಬರು ಬೀಜವನ್ನು ಇಟ್ಟಂತೆ ಹುಲ್ಲಿನ ಕಟ್ಟನ್ನೂ ಅಟ್ಟದಲ್ಲಿ, ಒಲೆಯ ಬಿಸಿ ತಾಗುವಲ್ಲಿ ಇಡುವುದೊಂದೇ ದಾರಿ. ಕೊಯ್ದ ಹಸಿಮೇವನ್ನು ನೀರಾರುವವರೆಗೆ ಗಾಳಿಗೆ ಹರಡಿ ಹಾಕಬೇಕು. ಏಪ್ರಿಲ್, ಮೇಯಲ್ಲಿ ತೊಂದರೆ ಮೇವಿನದಲ್ಲ, ಸೆಕೆಯದು: 30 ಡಿಗ್ರಿ ದಾಟಿದ ಉಷ್ಣಾಂಶದಲ್ಲಿ ಮೊಲ ಬಳಲುತ್ತದೆ, ಗೂಡಿಗೆ ತೆಂಗಿನ ನೆರಳೂ ಕಡಲಗಾಳಿಯೂ ಬೇಕು. ಮೊಲದ ಹಿಕ್ಕೆಯನ್ನು ಕೊಳೆಸದೆ ನೇರವಾಗಿ ಗಿಡದ ಬುಡಕ್ಕೆ ಹಾಕಬಹುದು. ಕೋಳಿಯ ಗೊಬ್ಬರದಂತೆ ಅದು ಬೇರನ್ನು ಸುಡುವುದಿಲ್ಲ. ಗರಿಕೆಯ ಕುಂಡಕ್ಕೆ ತಿಂಗಳಿಗೊಮ್ಮೆ ಎರಡು ಹಿಡಿ ಹಾಕಿದರೆ ಹೊರಗಿನ ಗೊಬ್ಬರ ಬೇಕಾಗುವುದಿಲ್ಲ.