ಚಾವಡಿಯಿಂದ ಕಿಸೆಗೆ

ಮಕ್ಕಳ ಮೊಬೈಲಿನ ಸುದ್ದಿ ಎತ್ತಿದರೆ ನಮ್ಮ ಮನೆಗಳಲ್ಲಿ ಎರಡೇ ಮಾತು. ಒಬ್ಬರು "ಪೂರಾ ಬಂದ್ ಮಾಡಿ" ಅಂತಾರೆ. ಇನ್ನೊಬ್ಬರು "ಈಗಿನ ಕಾಲ, ಎಂತ ಮಾಡ್ಲಿಕ್ಕಾಗ್ತದೆ" ಅಂತ ಬಿಟ್ಟುಬಿಡ್ತಾರೆ. ಈ ಜಗಳ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ನಮ್ಮ ಕಥೊಲಿಕ ಧರ್ಮಸಭೆಯಲ್ಲಿ ಇದು ತೊಂಬತ್ತು ವರ್ಷದಿಂದ ನಡೀತಾ ಉಂಟು.

ಮೊದಲು ಬಂದದ್ದು ಸಿನೆಮಾ. ಅಮೆರಿಕದ ಬಿಷಪರು 1934ರಲ್ಲಿ "ಲೀಜನ್ ಆಫ್ ಡೀಸೆನ್ಸಿ" ಅಂತ ಒಂದು ಚಳವಳಿ ಸುರು ಮಾಡಿದರು. ಕೆಟ್ಟ ಸಿನೆಮಾ ನೋಡುವುದಿಲ್ಲ ಅಂತ ಜನ ಇಗರ್ಜಿಯಲ್ಲಿ ಎದ್ದು ನಿಂತು ಪ್ರತಿಜ್ಞೆ ಮಾಡ್ತಿದ್ದರು. ಫಿಲಡೆಲ್ಫಿಯಾದ ಕಾರ್ಡಿನಲ್ ಡೊಹರ್ಟಿಯವರು ಇನ್ನೂ ಗಟ್ಟಿ, ಯಾವ ಥಿಯೇಟರಿಗೂ ಹೋಗಬೇಡಿ ಅಂತಲೇ ಹೇಳಿಬಿಟ್ಟರು. ಸಿನೆಮಾಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ ಪಟ್ಟಿ ಬರ್ತಿತ್ತು. ಸಿ ಅಂದರೆ ಯಾರೂ ನೋಡಬಾರದು. ಆ ಪಟ್ಟಿಗೋಸ್ಕರ ಸಿನೆಮಾ ನೋಡಿ ವರದಿ ಬರೆದವರಲ್ಲಿ ಬಹಳ ಜನ ಹೆಂಗಸರೇ, ಕಥೊಲಿಕ ಶಾಲೆ ಕಾಲೇಜುಗಳಲ್ಲಿ ಕಲಿತವರ ಒಂದು ಸಂಘದವರು. 1936ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಅವರು "ವಿಜಿಲಾಂತಿ ಕೂರಾ" ಎಂಬ ಪತ್ರ ಬರೆದು ಈ ಕೆಲಸವನ್ನು ಹೊಗಳಿದರು.

ಪಟ್ಟಿ ಕೆಲಸ ಮಾಡಿದ್ದಕ್ಕೆ ಒಂದು ಕಾರಣ ಉಂಟು. ಸಿನೆಮಾ ಊರಲ್ಲಿ ಒಂದು ಕಟ್ಟಡದೊಳಗೆ ಇರ್ತಿತ್ತು. ಮಕ್ಕಳು ಅಲ್ಲಿಗೆ ಹೋಗಬೇಕಾದರೆ ಮನೆಯಲ್ಲಿ ದುಡ್ಡು ಕೇಳಬೇಕು, ಬಾಗಿಲು ದಾಟಬೇಕು. ಬಾಗಿಲಲ್ಲಿ ತಾಯಿ ನಿಂತರೆ ಆಯ್ತು.

ರೇಡಿಯೋ, ಟಿವಿ ಬಂದ ಮೇಲೆ ಈ ಲೆಕ್ಕ ತಪ್ಪಿತು. ಈಗ ಆಟವೇ ಮನೆಯೊಳಗೆ ಬಂದು ಕೂತಿತ್ತು. 1957ರಲ್ಲಿ ಹನ್ನೆರಡನೇ ಪಿಯುಸ್ ಅವರು ಸಿನೆಮಾ, ರೇಡಿಯೋ, ಟಿವಿ ಮೂರರ ಬಗ್ಗೆಯೂ "ಮಿರಾಂದಾ ಪ್ರೊರ್ಸುಸ್" ಬರೆದರು. ಹಾಗಂತ ಟಿವಿಯನ್ನು ಸೈತಾನನ ಪೆಟ್ಟಿಗೆ ಅಂತ ದೂರ ಇಡಲಿಲ್ಲ. ಮರುವರ್ಷವೇ ಅದಕ್ಕೊಬ್ಬ ಪಾಲಕಿಯನ್ನು ಕೊಟ್ಟರು, ಅಸ್ಸಿಸಿಯ ಸಂತ ಕ್ಲಾರಾ. ಖಾಯಿಲೆಯಿಂದ ಮಲಗಿದ್ದ ಕ್ಲಾರಾ ಕ್ರಿಸ್ಮಸ್ ರಾತ್ರಿ ಇಗರ್ಜಿಯ ಪೂಜೆಯನ್ನು ತನ್ನ ಕೋಣೆಯಿಂದಲೇ ಕಂಡು ಕೇಳಿದಳು ಅಂತ ಕತೆ. ದೂರದ್ದು ಹತ್ತಿರ ಬಂತಲ್ಲ, ಅದಕ್ಕೆ.

1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ "ಇಂತೆರ್ ಮಿರಿಫಿಕಾ" ಹೊರಡಿಸಿತು. ಮಕ್ಕಳಿಗೆ ಹಾನಿಯಾಗುವಂಥದ್ದು ಮನೆ ಹೊಕ್ಕದ ಹಾಗೆ ನೋಡಿಕೊಳ್ಳುವುದು ತಂದೆತಾಯಿಯ ದೊಡ್ಡ ಜವಾಬ್ದಾರಿ ಅಂತ ಅದರಲ್ಲಿ ಉಂಟು. ನನಗೆ ಇದಕ್ಕಿಂತ ಮುಖ್ಯ ಅಂತ ಕಾಣುವುದು 1971ರ "ಕೊಮ್ಯುನಿಯೊ ಎತ್ ಪ್ರೊಗ್ರೆಸಿಯೊ". ಅದು ಹೇಳುವುದು ಇಷ್ಟು: ಮಕ್ಕಳು ಏನು ನೋಡ್ತಾರೋ ಅದು ದೊಡ್ಡವರಿಗೂ ಗೊತ್ತಿರಲಿ. ಆರಿಸುವುದನ್ನು ಮಕ್ಕಳೇ ಕಲಿಯಲಿ, ಕೊನೆಯ ಮಾತು ಬೇಕಾದರೆ ದೊಡ್ಡವರ ಕೈಯಲ್ಲಿರಲಿ. ಬೇಡ ಅನ್ನುವುದಾದರೆ ಯಾಕೆ ಬೇಡ ಅಂತ ಬಿಡಿಸಿ ಹೇಳಿ. ಮನೆಯಲ್ಲಿ ನಿಷೇಧಕ್ಕಿಂತ ಮನವೊಲಿಸುವುದು ಹೆಚ್ಚು ಫಲ ಕೊಡ್ತದೆ. ಪಟ್ಟಿಯಿಂದ ಮಾತುಕತೆಗೆ ಬರ್ಲಿಕ್ಕೆ ಮೂವತ್ತೇಳು ವರ್ಷ ಹಿಡಿಯಿತು ನೋಡಿ.

ನಮ್ಮ ಕರಾವಳಿಗೆ ಇದೆಲ್ಲ ನಿಧಾನಕ್ಕೆ ಬಂತು. ದೆಹಲಿಯಲ್ಲಿ ಟಿವಿ ಸುರುವಾದದ್ದು 1959ರಲ್ಲಿ, ಮಂಗಳೂರಿಗೆ ಆಕಾಶವಾಣಿ ಬಂದದ್ದೇ 1976ರಲ್ಲಿ. ಟಿವಿ ಬಂದ ಮೇಲೂ ಮನೆಗೆ ಒಂದೇ ಪೆಟ್ಟಿಗೆ, ಅದೂ ಚಾವಡಿಯಲ್ಲಿ. ಸಂಜೆ ತೇರ್ಸಿನ ಹೊತ್ತಿಗೆ ಅದು ಬಂದ್. ಜಪಮಾಲೆ ಮುಗಿದು, ಹಿರಿಯರಿಗೆ ಬೆಸಾಂವ್ ಹೇಳಿ ಆದ ಮೇಲೆಯೇ ಮತ್ತೆ ಸ್ವಿಚ್ಚು. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ಬರುವಾಗ, ಮೊದಲ ಪೂಜೆಗೆ ಹೋಗುವುದಾ ಎರಡನೇ ಪೂಜೆಗಾ ಅನ್ನುವ ಚರ್ಚೆ ಎಷ್ಟು ಮನೆಗಳಲ್ಲಿ ಆಗಲಿಲ್ಲ! ಆ ಚರ್ಚೆ ಎಲ್ಲರ ಎದುರೇ ಆಗ್ತಿತ್ತು. ಅಜ್ಜಿ ಅಲ್ಲೇ ಕೂತು ಬೀಡಿ ಕಟ್ಟುವಳು, ಅಮ್ಮ ಅಡಿಗೆಮನೆಯಿಂದ ಕಿವಿ ಕೊಡುವಳು. ಮಕ್ಕಳ ಮೇಲೆ ನಿಗಾ ಅಂತ ಯಾರೂ ಬೇರೆ ಇಡಬೇಕಾಗಿರಲಿಲ್ಲ. ಅರ್ಧ ಕೆಲಸ ಚಾವಡಿಯೇ ಮಾಡ್ತಿತ್ತು.

ಮೊಬೈಲು ಕಸಿದುಕೊಂಡದ್ದು ಆ ಚಾವಡಿಯನ್ನು. ಒಂದು ಮನೆ, ನಾಲ್ಕು ಜನ, ನಾಲ್ಕು ಕಿಸೆ. ಯಾರು ಎಂತ ನೋಡ್ತಾರೆ ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಿಲ್ಲ.

ಈಗ ಫಾದರುಗಳು ಮಕ್ಕಳಿಗೆ ಕಾರ್ಲೊ ಅಕುತಿಸನ ಹೆಸರು ಹೇಳ್ತಾರೆ. 1991ರಲ್ಲಿ ಹುಟ್ಟಿ 2006ರಲ್ಲಿ, ಹದಿನೈದನೇ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಇಟಲಿಯ ಹುಡುಗ. ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವ. 2025ರ ಸೆಪ್ಟೆಂಬರ್ 7ರಂದು ಸಂತನಾದ. ವಿಡಿಯೋ ಗೇಮಿಗೆ ವಾರಕ್ಕೆ ಒಂದೇ ಗಂಟೆ ಅಂತ ತನಗೆ ತಾನೇ ಗೆರೆ ಹಾಕಿಕೊಂಡಿದ್ದನಂತೆ. ಒಳ್ಳೆಯದೇ. ಆದರೆ ಒಂದು ನೆನಪಿರಲಿ, ಐಫೋನ್ ಬಂದದ್ದು 2007ರಲ್ಲಿ, ಅವನು ಹೋದ ಮೇಲೆ. ಈಗಿನ ಫೋನು ರಾತ್ರಿ ಹಾಸಿಗೆಯವರೆಗೂ ಬರ್ತದೆ. "ಕಾರ್ಲೊನ ಹಾಗೆ ಇರು" ಅಂತ ಹೇಳಿ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಟ್ಟರೆ ನ್ಯಾಯವಲ್ಲ.

2023ರ ನಮ್ಮ ದೇಶದ ಡಿಜಿಟಲ್ ಕಾನೂನಿನಲ್ಲೂ ಹದಿನೆಂಟರ ಒಳಗಿನವರ ಮಾಹಿತಿ ಬಳಸ್ಲಿಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು ಅಂತ ಬರೆದುಂಟು. ಬೇಕಾದ್ದೇ. ಆದರೆ ಒಪ್ಪಿಗೆಯ ಗುಂಡಿ ಒತ್ತುವುದು ಹಳೆಯ ಎ, ಬಿ, ಸಿ ಪಟ್ಟಿಯ ಹಾಗೆಯೇ, ಬಾಗಿಲಿಗೆ ಮಾತ್ರ. ಒಳಗೆ ಬಂದ ಮೇಲೆ ಜೊತೆಗೆ ಕೂರುವವರು ಬೇಕು.

ಹಾಗಾಗಿ ಹೋದ ಚಾವಡಿಯನ್ನು ನಾವೇ ಬೇಕಂತ ಮತ್ತೆ ಮಾಡಿಕೊಳ್ಳಬೇಕು. ಚಾರ್ಜರುಗಳೆಲ್ಲ ಚಾವಡಿಯಲ್ಲೇ ಇರಲಿ. ತೇರ್ಸಿನ ಹೊತ್ತಿಗೆ ಎಲ್ಲರ ಫೋನೂ ಅಲ್ಲಿಗೆ, ಅಪ್ಪನದ್ದೂ, ನಮ್ಮದೂ. ದಿನಕ್ಕೊಮ್ಮೆ "ಇವತ್ತು ಎಂತ ನೋಡಿದೆ, ನನಗೂ ತೋರಿಸು" ಅಂತ ಕೇಳಿ, ಪೊಲೀಸರ ಹಾಗಲ್ಲ, ಶಾಲೆಯಿಂದ ಬಂದಾಗ ಊಟ ಎಂತ ಇತ್ತು ಅಂತ ಕೇಳಿದ ಹಾಗೆ. ಬೇಡ ಅನ್ನುವಾಗ ಕಾರಣವನ್ನೂ ಹೇಳಿ. ನಾಳೆ ಆ ಮಕ್ಕಳು ಹಾಸ್ಟೆಲಿಗೋ ಗಲ್ಫಿಗೋ ಹೋದಾಗ ನಮ್ಮ ಬೀಗ ಅವರ ಜೊತೆ ಹೋಗುವುದಿಲ್ಲ, ಆ ಕಾರಣ ಹೋಗ್ತದೆ.