ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ವಿದ್ಯುದ್ದೀಪ

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಗೋಕಾಕದಿಂದ ಈಚೆಗೆ ಬೇರೆಯಾದ ಮೂಡಲಗಿ ತಾಲ್ಲೂಕುಗಳು ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರುಂಡ ಕಬ್ಬಿನ ಸೀಮೆ. ಇಲ್ಲಿ ವಿದ್ಯುತ್ ಬೆಳಕು ಬೆಳೆದುಬಂದ ಬಗೆಗೆ ಎರಡು ಮುಖಗಳಿವೆ. ಬಲ್ಬು, ಟ್ಯೂಬ್‌ಲೈಟು, ಎಲ್‌ಇಡಿ ಮೂರೂ ಹೊರಗೆ ಹುಟ್ಟಿ ಇಲ್ಲಿಗೆ ಬಂದವು. ಈ ಸೀಮೆಯ ಸ್ವಂತ ಛಾಪು ಕಾಣುವುದು ತಂತಿಯ ಇನ್ನೊಂದು ತುದಿಯಲ್ಲಿ. ಜಲಪಾತಕ್ಕೆ ಯಂತ್ರ ಹೂಡಿದ್ದು ಇಲ್ಲಿ. ಕರೆಂಟು ಹಂಚುವುದಕ್ಕೆ ಬಳಕೆದಾರರೇ ಸಂಘ ಕಟ್ಟಿಕೊಂಡದ್ದೂ ಇಲ್ಲಿ.

ಜಲಪಾತ ಮತ್ತು ಗಿರಣಿ

ಗೋಕಾಕ ಪಟ್ಟಣದಿಂದ ತುಸು ದೂರದಲ್ಲಿ ಘಟಪ್ರಭಾ ಸುಮಾರು 52 ಮೀಟರ್ (170 ಅಡಿ) ಎತ್ತರದ ಮರಳುಗಲ್ಲಿನ ಬಂಡೆಯಿಂದ ಧುಮುಕುತ್ತದೆ. ಈ ಬೀಳುವ ನೀರಿನ ಮೇಲೆ ಕಣ್ಣಿಟ್ಟು 1885ರಲ್ಲಿ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ’ ಹುಟ್ಟಿತು. 1887ರಲ್ಲಿ ಅದರ ನೂಲಿನ ಗಿರಣಿ ತಿರುಗತೊಡಗಿತು. ಜಲಪಾತದ ಮೇಲ್ಗಡೆ ನೀರು ತಡೆದು, ಕೊಳವೆಗಳಲ್ಲಿ ಕೆಳಗಿಳಿಸಿ, ಕಂದರದ ತಳದಲ್ಲಿದ್ದ ಟರ್ಬೈನುಗಳನ್ನು ತಿರುಗಿಸುವ ಏರ್ಪಾಡು ಅದು. ಕೆಳಗಿನ ಯಂತ್ರಾಗಾರಕ್ಕೆ ಇಳಿಯಲು ರೋಪ್‌ವೇ ಹಾಕಲಾಯಿತು. ಗಿರಣಿಯ ಬಳಿ ಜಲಪಾತದ ಮೇಲೆ ಹಾದುಹೋಗುವ ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯನ್ನು ಪ್ರವಾಸಿಗರೆಲ್ಲ ಬಲ್ಲರು. ಕೆಳಗಿನ ಯಂತ್ರಾಗಾರದ ಕಡೆ ಕಣ್ಣು ಹಾಯಿಸುವವರು ಕಡಿಮೆ.

‘ಏಷ್ಯಾದಲ್ಲೇ ಮೊದಲು ಕರೆಂಟು ಹುಟ್ಟಿದ್ದು ಗೋಕಾಕದಲ್ಲಿ, 1887ರಲ್ಲಿ’ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲೂ ಶಾಲೆಯ ರಸಪ್ರಶ್ನೆಗಳಲ್ಲೂ ಓಡಾಡುತ್ತಿದೆ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೀರು ಗಾಲಿ ತಿರುಗಿಸಿದಲ್ಲೆಲ್ಲ ಕರೆಂಟು ಹುಟ್ಟುವುದಿಲ್ಲ. ಅದಕ್ಕೆ ಡೈನಮೋ ಬೇಕು. ಗೋಕಾಕದಲ್ಲಿ ಮೊದಲು ಕಂದರದ ತಳದಿಂದ ಗಿರಣಿಗೆ ಏರಿ ಬಂದದ್ದು ತಿರುಗುವ ಬಲ. ಅದನ್ನು ಹೊತ್ತು ತಂದದ್ದು ಗಾಲಿಯಿಂದ ಗಾಲಿಗೆ ಓಡುವ ತಂತಿಹಗ್ಗ. ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಪಟ್ಟಣದವರು 1860ರ ದಶಕದಲ್ಲಿ ರೈನ್ ನದಿಯ ಬಲವನ್ನು ಕಾರ್ಖಾನೆಗಳಿಗೆ ಹಂಚಿದ್ದು ಇದೇ ಉಪಾಯದಿಂದ. ಇದನ್ನು ಹಿಂದುಳಿದ ತಂತ್ರವೆಂದು ಎಣಿಸುವುದು ತಪ್ಪು. ಕರೆಂಟನ್ನು ದೂರ ಸಾಗಿಸಬಹುದೆಂದು ಜಗತ್ತು ನಂಬಿದ್ದು 1891ರಲ್ಲಿ, ಜರ್ಮನಿಯ ಲೌಫನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿ.ಮೀ. ತಂತಿ ಎಳೆದು ತೋರಿಸಿದ ಮೇಲೆ. ಅದಕ್ಕೂ ನಾಲ್ಕು ವರ್ಷ ಮೊದಲು ಹಗ್ಗವನ್ನೇ ನಂಬಿದ ಎಂಜಿನಿಯರು ಬುದ್ಧಿವಂತನೇ. ಭಾರತದ ಜಲವಿದ್ಯುತ್ತಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಮೊದಲ ಸ್ಥಾನ ಕೊಡುವುದು 1897ರ ನವೆಂಬರಿನಲ್ಲಿ ಡಾರ್ಜಿಲಿಂಗಿಗೆ ಬೆಳಕು ಕೊಟ್ಟ 130 ಕಿಲೋವ್ಯಾಟಿನ ಸಿದ್ರಾಪೊಂಗ್ ಕೇಂದ್ರಕ್ಕೆ. ಗೋಕಾಕದ 1887 ನೀರಿನ ಬಲದ ವರ್ಷ ಎಂದರೆ ಅದರ ಗೌರವ ಕಡಿಮೆಯಾಗುವುದಿಲ್ಲ. ಕಂಪನಿ ತನ್ನ ಹೆಸರಿನಲ್ಲೇ ‘ವಾಟರ್ ಪವರ್’ ಎಂದು ಬರೆದುಕೊಂಡಿತ್ತಲ್ಲ!

ನೂಲಿನ ಗಿರಣಿಗೂ ವಿದ್ಯುದ್ದೀಪಕ್ಕೂ ಇರುವ ನಂಟು ಬೇರೆಯದು. ಗಿರಣಿಯ ಗಾಳಿಯಲ್ಲಿ ಹತ್ತಿಯ ನವಿರು ಧೂಳು ಸದಾ ತೇಲುತ್ತಿರುತ್ತದೆ. ಎಣ್ಣೆದೀಪದ ಬೆಂಕಿ ಅದಕ್ಕೆ ತಗುಲಿದರೆ ಗಿರಣಿಯೇ ಹೋಯಿತು. ಹಂಫ್ರಿ ಡೇವಿ 19ನೇ ಶತಮಾನದ ಆರಂಭದಲ್ಲಿ ತೋರಿಸಿದ ಆರ್ಕ್ ದೀಪ ಎರಡು ಇದ್ದಿಲ ಕಡ್ಡಿಗಳ ನಡುವೆ ಮಿಂಚು ಹೊತ್ತಿಸುತ್ತಿತ್ತು. ಕಿಡಿ ಉದುರಿಸುವ ಆ ದೀಪವೂ ಹತ್ತಿಗೆ ಹೊಂದುವಂಥದ್ದಲ್ಲ. ಇಂಗ್ಲೆಂಡಿನ ಜೋಸೆಫ್ ಸ್ವಾನ್, ಅಮೆರಿಕದ ಥಾಮಸ್ ಎಡಿಸನ್ 1879ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ಗಾಳಿ ತೆಗೆದು, ಇದ್ದಿಲೆಳೆಯನ್ನು ಕೂಡಿಹಾಕಿ ಬೆಳಗಿಸಿದಾಗ ಜಗತ್ತಿನ ಗಿರಣಿ ಮಾಲೀಕರು ಅದರತ್ತ ತಿರುಗಿದ್ದು ಸಹಜ. ಉರಿ ಗಾಜಿನ ಒಳಗೆ, ಹತ್ತಿ ಹೊರಗೆ. ಎಡಿಸನ್ ಮುಂದೆ ಜಪಾನಿನ ಬಿದಿರನ್ನು ಸುಟ್ಟು ಎಳೆ ಮಾಡಿ ಸಾವಿರ ತಾಸಿಗೂ ಮೀರಿ ಉರಿಸಿದ. ದೀಪ ಬಾಳಿತು, ಬೆಳಕು ಮಾತ್ರ ಬಡವಾಗಿತ್ತು: ಒಂದು ವ್ಯಾಟಿಗೆ ಎರಡು, ಹೆಚ್ಚೆಂದರೆ ಮೂರು ಲ್ಯೂಮೆನ್. 1910ರಲ್ಲಿ ವಿಲಿಯಂ ಕೂಲಿಜ್ ಟಂಗ್‌ಸ್ಟನ್ ಲೋಹವನ್ನು ಎಳೆಯಾಗಿ ಎಳೆಯುವ ಬಗೆ ಕಂಡುಕೊಂಡ. ಇರ್ವಿಂಗ್ ಲ್ಯಾಂಗ್‌ಮ್ಯೂರ್ 1913ರಲ್ಲಿ ಬುರುಡೆಗೆ ಅನಿಲ ತುಂಬಿದ. ನಮ್ಮ ಮನೆಗಳ ಹಳದಿ ಬಲ್ಬು ಅಲ್ಲಿಂದ ಮುಂದೆ ಹೆಚ್ಚು ಬದಲಾಗಲೇ ಇಲ್ಲ.

ಎರಡು ಸರ್ಕಾರ, ಎರಡು ಬೆಳಕು

ಕರ್ನಾಟಕದ ವಿದ್ಯುತ್ ಇತಿಹಾಸವೆಂದರೆ ಶಿವನಸಮುದ್ರ ಎಂದು ಓದಿ ಬೆಳೆದವರಿಗೆ ಒಂದು ಮಾತು ನೆನಪಿಸಬೇಕು. 1902ರಲ್ಲಿ ಕಾವೇರಿಯ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. 1936ರಲ್ಲಿ ಮಲ್ಲೇಶ್ವರದ ಹತ್ತಿರ ‘ಮೈಸೂರು ಲ್ಯಾಂಪ್ಸ್’ ಕಾರ್ಖಾನೆ ಬಂದು, ನಾಡಿನದೇ ಬಲ್ಬು ಮಾರುಕಟ್ಟೆಗಿಳಿಯಿತು. ಅದು ಬಾಗಿಲು ಹಾಕಿದ್ದು 2003ರಲ್ಲಿ. ಇದೆಲ್ಲ ಮೈಸೂರು ಸಂಸ್ಥಾನದ ಕತೆ. ಗೋಕಾಕ, ಹುಕ್ಕೇರಿ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಗಿರಣಿಯ ಸುತ್ತ ಬೆಳಕಿದ್ದರೂ ಊರೊಳಗೆ ಇದ್ದದ್ದು ಪಣತಿ, ಚಿಮಣಿ, ಕಂದೀಲು. ಮದುವೆಗೋ ಬಯಲಾಟಕ್ಕೋ ಗ್ಯಾಸ್‌ಬತ್ತಿ. 1956ರ ಏಕೀಕರಣದ ನಂತರ, 1957ರಲ್ಲಿ ಹುಟ್ಟಿದ ಮೈಸೂರು ವಿದ್ಯುಚ್ಛಕ್ತಿ ಮಂಡಳಿಯೇ ಎರಡೂ ಸೀಮೆಗಳನ್ನು ಒಂದೇ ಜಾಲಕ್ಕೆ ತರಬೇಕಾಯಿತು. 1960ರ ದಶಕದ ನಡುವೆ ಶರಾವತಿಯ ವಿದ್ಯುತ್ತು ಬಂದ ಮೇಲೆ ಹಂಚುವುದಕ್ಕೆ ಕರೆಂಟೂ ಸಿಕ್ಕಿತು.

ಹಳೆಯ ದೀಪದ ಗುರುತು ಮಾತಿನಲ್ಲಿ ಉಳಿದಿದೆ. ಬೆಂಗಳೂರಿನವರು ಲೈಟು ‘ಹಾಕುತ್ತಾರೆ’. ಗೋಕಾಕದವರು ಇಂದಿಗೂ ಲೈಟು ‘ಹಚ್ಚುತ್ತಾರೆ’, ಫ್ಯಾನನ್ನೂ ಹಚ್ಚುತ್ತಾರೆ. ಕೈಯಲ್ಲಿ ಹಿಡಿಯುವ ಟಾರ್ಚಿಗೆ ಇಲ್ಲಿ ‘ಬ್ಯಾಟ್ರಿ’ ಎಂದೇ ಹೆಸರು.

ಹುಕ್ಕೇರಿಯ ಸಂಘ

ಈ ಸೀಮೆಯ ಬೆಳಕಿನ ಇತಿಹಾಸದಲ್ಲಿ ದೇಶವೇ ಗಮನಿಸಬೇಕಾದ ಸಂಗತಿ ಜಲಪಾತಕ್ಕಿಂತ ಹೆಚ್ಚಾಗಿ ಹುಕ್ಕೇರಿಯ ಸಹಕಾರ ಸಂಘ. 1935ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಆಡಳಿತ ಸಂಸ್ಥೆ ಕಟ್ಟಿದಾಗ, ಅಲ್ಲಿನ ಹೊಲಮನೆಗಳಲ್ಲಿ ಹತ್ತರಲ್ಲಿ ಒಂದಕ್ಕೆ ಮಾತ್ರ ಕರೆಂಟಿತ್ತು. ಖಾಸಗಿ ಕಂಪನಿಗಳು ಹಳ್ಳಿಗೆ ಕಂಬ ನೆಡಲು ಒಪ್ಪಲಿಲ್ಲ. ರೈತರು ಸರ್ಕಾರದ ಸಾಲ ಪಡೆದು ಸಹಕಾರ ಸಂಘ ಕಟ್ಟಿ, ತಾವೇ ತಂತಿ ಎಳೆದುಕೊಂಡರು. ಆ ಸಂಘಗಳ ಒಕ್ಕೂಟದ ತಜ್ಞರು 1960ರ ದಶಕದಲ್ಲಿ ಭಾರತಕ್ಕೆ ಬಂದು ಇದೇ ಮಾದರಿಯನ್ನು ಸೂಚಿಸಿದರು. ಗ್ರಾಮೀಣ ಸಾಲವನ್ನು ಪರಿಶೀಲಿಸಿದ ವೆಂಕಟಪ್ಪಯ್ಯ ಸಮಿತಿಯ ಸಲಹೆಯಂತೆ 1969ರ ಜುಲೈನಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾಯಿತು. ಅದರ ನೆರವಿನಿಂದ ದೇಶದ ಐದು ಕಡೆ ಪ್ರಯೋಗಕ್ಕೆಂದು ವಿದ್ಯುತ್ ಸಹಕಾರ ಸಂಘಗಳು ಎದ್ದವು: ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ.

ಐದರಲ್ಲಿ ಒಂದು ಹುಕ್ಕೇರಿಗೆ ಸಿಕ್ಕಿದ್ದು ಸುಮ್ಮನೆ ಅಲ್ಲ. ಸಹಕಾರ ಎಂಬುದು ಈ ಭಾಗಕ್ಕೆ ಹೊಸ ಮಾತಾಗಿರಲಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ರೈತರ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇತ್ತು. ಅದರೊಂದಿಗೆ ಬೆಸೆದುಕೊಂಡಿರುವ ಅಪ್ಪಣಗೌಡ ಪಾಟೀಲರ ಹೆಸರನ್ನೇ ಜನ ವಿದ್ಯುತ್ ಸಂಘಕ್ಕೂ ಹೇಳುತ್ತಾರೆ. ಕಬ್ಬಿನ ಷೇರು ಪಡೆದು ಗೊತ್ತಿದ್ದ ರೈತನಿಗೆ ಕರೆಂಟಿನ ಷೇರು ವಿಚಿತ್ರವೆನಿಸಲಿಲ್ಲ.

ಸಂಘದ ಕೆಲಸ ಸರಳವಾಗಿ ಹೀಗೆ: ಅದು ಕರೆಂಟು ಹುಟ್ಟಿಸುವುದಿಲ್ಲ, ಸಗಟಾಗಿ ಕೊಳ್ಳುತ್ತದೆ. ತಾಲ್ಲೂಕಿನೊಳಗೆ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್), ಮೀಟರು, ಬಿಲ್ಲು, ಲೈನ್‌ಮನ್ನು ಎಲ್ಲ ಅದರವೇ. ಪಕ್ಕದ ಗೋಕಾಕದಲ್ಲಿ ಟಿಸಿ ಸುಟ್ಟರೆ ರೈತ ಹೋಗಬೇಕಾದದ್ದು ಮಂಡಳಿಯ ಕಚೇರಿಗೆ, 2002ರ ನಂತರ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ ಕಚೇರಿಗೆ. ಹುಕ್ಕೇರಿಯ ರೈತ ಹೋಗುವುದು ತಾನೇ ಮತ ಹಾಕಿ ಆರಿಸಿದ ನಿರ್ದೇಶಕನ ಮನೆಗೆ. ಇದರಿಂದ ಅನುಕೂಲವೂ ಇದೆ, ತೊಡಕೂ ಇದೆ. ನಿರ್ದೇಶಕನಿಗೆ ನಾಳೆಯ ಮತ ಬೇಕು. ಬಾಕಿದಾರನ ಫ್ಯೂಸು ಕೀಳಲು ಅವನ ಕೈ ಸುಲಭವಾಗಿ ಏಳುವುದಿಲ್ಲ. ಐದು ಸಂಘಗಳಲ್ಲಿ ಹೆಸರುವಾಸಿಯಾಗಿದ್ದ ಮುಳಾ-ಪ್ರವರಾದ ಪರವಾನಗಿ 2011ರಲ್ಲಿ ಕೊನೆಗೊಂಡಿತು. ಹುಕ್ಕೇರಿಯದು ಉಳಿಯಿತು.

ಕುಂಕುಮದ ಬೊಟ್ಟು

ಹಳ್ಳಿಗೆ ಕರೆಂಟು ಬರುವುದೆಂದರೆ ಮನೆಗೆ ದೀಪ ಬರುವುದೆಂದು ತಿಳಿಯಬಾರದು. 1997ರವರೆಗಿನ ಸರ್ಕಾರಿ ವ್ಯಾಖ್ಯೆಯಂತೆ ಊರಿನ ಗಡಿಯೊಳಗೆ ಯಾವ ಕೆಲಸಕ್ಕಾದರೂ ಕರೆಂಟು ಬಳಕೆಯಾದರೆ ಸಾಕು, ಅದು ‘ವಿದ್ಯುದೀಕೃತ ಗ್ರಾಮ’. ಹೊಲದಲ್ಲಿ ಒಂದು ಪಂಪ್‌ಸೆಟ್ಟು ತಿರುಗಿದರೂ ಲೆಕ್ಕ ಮುಗಿಯಿತು. ಹತ್ತರಲ್ಲಿ ಒಂದು ಮನೆಗಾದರೂ ಸಂಪರ್ಕ ಇರಬೇಕು ಎಂಬ ನಿಯಮ ಬಂದದ್ದು 2004ರಲ್ಲಿ. ಕಬ್ಬಿನ ಸೀಮೆಯಲ್ಲಿ ಪಂಪು ಮೊದಲು, ದೀಪ ಆಮೇಲೆ. ಪಂಪು ಬಂದಷ್ಟೂ ದೀಪಕ್ಕೆ ತೊಂದರೆ, ಏಕೆಂದರೆ ಎರಡೂ ಜಗ್ಗುವುದು ಅದೇ ತಂತಿಯಿಂದ.

ತಂತು ಬಲ್ಬಿನ ಬೆಳಕು ವೋಲ್ಟೇಜಿನ ಜೊತೆಗೆ ಸಮವಾಗಿ ಇಳಿಯುವುದಿಲ್ಲ, ಕುಸಿಯುತ್ತದೆ. 230 ವೋಲ್ಟಿನಲ್ಲಿ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಬೆಳಕು ಶೇ. 30ರಷ್ಟು ಹೋಗುತ್ತದೆ. 160ಕ್ಕೆ ಇಳಿದರೆ ಉಳಿಯುವುದೇ ಶೇ. 30. ಸಂಜೆ ಏಳಕ್ಕೆ ಮೋಟಾರುಗಳೆಲ್ಲ ಒಮ್ಮೆಲೇ ಶುರುವಾದಾಗ ಗೋಡೆಯ ಬಲ್ಬು ಕುಂಕುಮದ ಬೊಟ್ಟಿನ ಹಾಗೆ ಕೆಂಪಗೆ ಕೂರುತ್ತಿದ್ದುದು ಇದೇ ಲೆಕ್ಕದಿಂದ. 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟು ಅಷ್ಟೇ ಕರೆಂಟಿಗೆ ನಾಲ್ಕೈದು ಪಟ್ಟು ಬೆಳಕು ಕೊಡುತ್ತದೆ, ಆದರೆ ಅದಕ್ಕೆ ಚೋಕು, ಸ್ಟಾರ್ಟರು ಬೇಕು. ವೋಲ್ಟೇಜು ಸಾಲದಿದ್ದರೆ ಸ್ಟಾರ್ಟರು ಟಿಕ್ ಟಿಕ್ ಎಂದು ಹೊಡೆದುಕೊಳ್ಳುತ್ತದೆ. ಟ್ಯೂಬಿನ ಎರಡೂ ತುದಿ ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಸ್ಟೂಲು ಹತ್ತಿ ಸ್ಟಾರ್ಟರು ತಿರುವುವುದು ಮನೆಯ ದೊಡ್ಡ ಹುಡುಗನ ಸಂಜೆಯ ಕೆಲಸವಾಗಿತ್ತು.

ಬಡವರ ಗುಡಿಸಲಿಗೆ 1979ರ ಸುಮಾರಿಗೆ ಸರ್ಕಾರದ ‘ಭಾಗ್ಯಜ್ಯೋತಿ’ ಯೋಜನೆ ಒಂದೇ ಒಂದು 40 ವ್ಯಾಟಿನ ಬಲ್ಬು ತಂದಿತು. ಉಚಿತ ಮಿತಿ ಬಹುಕಾಲ ತಿಂಗಳಿಗೆ 18 ಯೂನಿಟ್ ಇತ್ತು. ಆ ಬಲ್ಬನ್ನು ದಿನಕ್ಕೆ 15 ತಾಸು ಉರಿಸಿದರೆ ತಿಂಗಳಿಗೆ ಸರಿಯಾಗಿ 18 ಯೂನಿಟ್ ಆಗುತ್ತದೆ. ಅದೇ 15 ತಾಸು 9 ವ್ಯಾಟಿನ ಎಲ್‌ಇಡಿ ಉರಿದರೆ ನಾಲ್ಕು ಯೂನಿಟ್. ಉಳಿದ 14 ಯೂನಿಟ್ಟಿಗೆ ಟಿ.ವಿ., ಫ್ಯಾನು, ಮೊಬೈಲ್ ಚಾರ್ಜರು ನುಗ್ಗಿದವು. ದೀಪ ಸಣ್ಣದಾದದ್ದು ಬಿಲ್ಲಿನಲ್ಲಿ ಯಾರಿಗೂ ಕಾಣಿಸಲಿಲ್ಲ.

2008ರ ನಂತರ ರಾಜ್ಯದಲ್ಲಿ ‘ನಿರಂತರ ಜ್ಯೋತಿ’ ಯೋಜನೆ ಕೈಗೊಂಡ ಕ್ರಮ ಬಲ್ಬಿಗೆ ಸಂಬಂಧಿಸಿದ್ದಲ್ಲ. ಹೊಲದ ಪಂಪಿಗೊಂದು, ಊರ ಮನೆಗಳಿಗೊಂದು ಎಂದು ಮಾರ್ಗ ಬೇರೆ ಮಾಡಿದರು, ಅಷ್ಟೆ. ಪಂಪಿನ ತ್ರೀಫೇಜ್ ಕರೆಂಟು ಹೋದರೂ ಮನೆಯ ದೀಪ ಉಳಿಯಿತು. ಹಳ್ಳಿಯ ಬೆಳಕಿಗೆ ಇದರಿಂದ ಆದ ಉಪಕಾರ ಯಾವ ಹೊಸ ಬಲ್ಬಿನಿಂದಲೂ ಆಗಿಲ್ಲ ಎನ್ನಬಹುದು.

ಎಲ್‌ಇಡಿ

ಕೆಂಪು ಎಲ್‌ಇಡಿ 1962ರದು. ಬಿಳಿ ಬೆಳಕಿಗೆ ನೀಲಿ ಬೇಕಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ 2014ರಲ್ಲಿ ನೊಬೆಲ್ ಪಡೆದರು. ನೀಲಿಯ ಮೇಲೆ ಹಳದಿ ಹೊಳಪಿನ ಪುಡಿ ಬಳಿದರೆ ಬಿಳಿ ಬೆಳಕು. ವ್ಯಾಟಿಗೆ ನೂರು ಲ್ಯೂಮೆನ್. ಕರ್ನಾಟಕದಲ್ಲಿ 2015ರ ಕೊನೆಗೆ ‘ಹೊಸ ಬೆಳಕು’ ಯೋಜನೆ 9 ವ್ಯಾಟಿನ ಬಲ್ಬನ್ನು 100 ರೂಪಾಯಿಗೆ ಕೊಟ್ಟಿತು. ಈ ಸೀಮೆಯ ರೈತ ಅದಕ್ಕೂ ಮೊದಲೇ ಎಲ್‌ಇಡಿಯನ್ನು ಕಂಡಿದ್ದ, ರಾತ್ರಿ ಪಾಳಿಯಲ್ಲಿ ಕಬ್ಬಿಗೆ ನೀರು ಕಟ್ಟಲು ಹಿಡಿದುಹೋಗುವ ಚಾರ್ಜಿಂಗ್ ಬ್ಯಾಟ್ರಿಯಲ್ಲಿ. ಎಲ್‌ಇಡಿ ಇಲ್ಲಿ ನಿಂತದ್ದು ಬರೀ ಉಳಿತಾಯದಿಂದಲ್ಲ. ಅದರೊಳಗಿನ ‘ಡ್ರೈವರ್’ ಸರ್ಕ್ಯೂಟು ವೋಲ್ಟೇಜು ಏರಿದರೂ ಇಳಿದರೂ ತಾಳಿಕೊಳ್ಳುತ್ತದೆ. ಕುಂಕುಮದ ಬೊಟ್ಟು ಕಣ್ಮರೆಯಾದದ್ದು ಹೀಗೆ.

ಸೌರದೀಪದ ದಾರಿ ಬೇರೆ. 1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆ ದೀಪವನ್ನು ದಾನ ಮಾಡದೆ, ಬ್ಯಾಂಕಿನ ಸಾಲದ ಮೇಲೆ ಕಂತಿನಲ್ಲಿ ಬಡವರಿಗೆ ಮಾರುವ ಪದ್ಧತಿ ಬೆಳೆಸಿದರು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದಾಗಿನಂತಹ ಹೊತ್ತಿನಲ್ಲಿ, ಕಂಬಗಳೇ ನೀರಲ್ಲಿ ನಿಂತಾಗ, ತಂತಿಯ ಹಂಗಿಲ್ಲದ ದೀಪದ ಬೆಲೆ ತಿಳಿಯುತ್ತದೆ.

ಘಟಪ್ರಭೆಯ ನೀರು ಈಗಲೂ ಕರೆಂಟು ಕೊಡುತ್ತಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿರುವ ರಾಜಾ ಲಖಮಗೌಡ ಅಣೆಕಟ್ಟೆಯ ವಿದ್ಯುದಾಗಾರದ ಸಾಮರ್ಥ್ಯ 32 ಮೆಗಾವ್ಯಾಟ್. 2023ರ ‘ಗೃಹಜ್ಯೋತಿ’ ಯೋಜನೆ ಬಂದ ಮೇಲೆ, ಸರಾಸರಿ ಬಳಕೆಯ ಮಿತಿಯೊಳಗೆ 200 ಯೂನಿಟ್‌ವರೆಗೆ ಉರಿಸುವ ಮನೆಗೆ ಬಿಲ್ಲೇ ಇಲ್ಲ. ಹುಕ್ಕೇರಿ ಸಂಘದ ಆಡಳಿತ ಮಂಡಳಿಗೆ 2025ರ ಸೆಪ್ಟೆಂಬರಿನಲ್ಲಿ ನಡೆದ ಚುನಾವಣೆ ವಿಧಾನಸಭೆಯ ಚುನಾವಣೆಗೆ ಕಡಿಮೆಯಿಲ್ಲದ ಜಿದ್ದಿನಿಂದ ಕೂಡಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿ ಮಾಡುವಾಗ ಐದು ವಿದ್ಯುತ್ ಸರಬರಾಜು ಕಂಪನಿಗಳ (ಎಸ್ಕಾಂ) ಜೊತೆಗೆ ಒಂದೇ ಒಂದು ಸಹಕಾರ ಸಂಘದ ಹೆಸರನ್ನು ಬರೆಯುತ್ತದೆ. ಅದು ಹುಕ್ಕೇರಿಯದು.